ಗುಡ್ಡಗಾಡಿನ ಉದ್ಯಾನದಲ್ಲಿ ಟ್ರೇಲ್ ಓಟ: ಯಾವ ದಾರಿ, ಯಾವ ದಿಕ್ಕು?

ಪ್ರಶ್ನೆ: ತೊರೆಯಂಚು

ಎಲ್ಲರಿಗೂ ನಮಸ್ಕಾರ.

ಇದುವರೆಗೆ ಸಮತಟ್ಟಾದ ಡಾಂಬರು ರಸ್ತೆಯಲ್ಲಷ್ಟೇ ಓಡಿ ಅಭ್ಯಾಸವಿರುವ ನಾನು ಇನ್ನು ಮುಂದೆ ವಾರಕ್ಕೊಮ್ಮೆಯಾದರೂ ಗುಡ್ಡಗಾಡಿನ ಉದ್ಯಾನವೊಂದರ ಕಾಲುದಾರಿಗಳಲ್ಲಿ ಓಡಬೇಕೆಂದು ನಿರ್ಧರಿಸಿದ್ದೇನೆ. ಸಮತಟ್ಟಿನಲ್ಲಿ 10 ಕಿ.ಮೀ. ಓಡಲು ನನಗೆ ಸುಮಾರು ಒಂದು ಗಂಟೆ ಬೇಕಾಗುತ್ತದೆ.

ಉದ್ಯಾನದ ನಕ್ಷೆಯಲ್ಲಿ ಮುಖ್ಯವಾಗಿ ಮೂರು ಬಗೆಯ ದಾರಿಗಳು ಕಾಣುತ್ತವೆ. ಪ್ರವೇಶದ್ವಾರದಿಂದ ಹೊರಟು ತೊರೆಯ ಪಕ್ಕದಲ್ಲೇ ಸಾಗುವ ನೆರಳಿನ ಹಾದಿ ಸುಮಾರು 4 ಕಿ.ಮೀ. ಉದ್ದವಿದ್ದು, ಅಷ್ಟು ದೂರದಲ್ಲಿ ಏರುವುದು 60 ಮೀಟರ್ ಮಾತ್ರ. ಅದು ಮುಗಿಯುವಲ್ಲಿಂದ ಬೆಟ್ಟದ ಏಣಿಗೆ, ಅಂದರೆ ಅದರ ಉದ್ದನೆಯ ಬೆನ್ನಿಗೆ, ಹತ್ತುವ ಕಿರಿದಾದ, ಕಡಿದಾದ ಕಾಲುದಾರಿ 1.5 ಕಿ.ಮೀ. ದೂರದಲ್ಲಿ 240 ಮೀಟರ್ ಏರುತ್ತದೆ. ಅಲ್ಲಿಂದ ಮುಂದೆ ಜೀಪು ಹೋಗುವಷ್ಟು ಅಗಲದ ಮಣ್ಣುರಸ್ತೆಯೊಂದು ಏಣಿನ ಮೇಲಿನ ಸಣ್ಣಪುಟ್ಟ ದಿಬ್ಬಗಳನ್ನು ಹತ್ತಿಳಿಯುತ್ತ, 6.5 ಕಿ.ಮೀ. ಸಾಗಿ ಮತ್ತೆ ಪ್ರವೇಶದ್ವಾರಕ್ಕೇ ಬಂದು ಸೇರುತ್ತದೆ. ಮೂರನ್ನೂ ಜೋಡಿಸಿದರೆ 12 ಕಿ.ಮೀ.ಗಳ ಸುತ್ತು, ದಿಬ್ಬಗಳ ಏರನ್ನೂ ಸೇರಿಸಿದರೆ ಒಟ್ಟು ಏರು ಸುಮಾರು 450 ಮೀಟರ್ ಆಗುತ್ತದೆ.

ನನ್ನ ಸಂದೇಹಗಳು ಇವು. ಈ ಸುತ್ತಿಗೆ ಎಷ್ಟು ಸಮಯ ಹಿಡಿಯಬಹುದು ಎಂಬುದನ್ನು ಮೊದಲೇ ಅಂದಾಜು ಮಾಡುವ ನಂಬಿಕೆಗೆ ತಕ್ಕ ವಿಧಾನವಿದೆಯೇ? ಕಡಿದಾದ ಕಾಲುದಾರಿಯಲ್ಲಿ ಹತ್ತಿ ಮಣ್ಣುರಸ್ತೆಯಲ್ಲಿ ಇಳಿಯುವುದು ಒಳ್ಳೆಯದೋ, ಅಥವಾ ಅದಕ್ಕೆ ವಿರುದ್ಧ ದಿಕ್ಕಿನಲ್ಲಿ ಹೋಗುವುದು ಒಳ್ಳೆಯದೋ? ಮೊದಲ ಕೆಲವು ವಾರಗಳಲ್ಲಿ ಇಡೀ ಸುತ್ತನ್ನು ಓಡದೆ ಬೇರೆ ಏನನ್ನಾದರೂ ಮಾಡಬೇಕೇ? ಅನುಭವವುಳ್ಳವರು ದಯವಿಟ್ಟು ವಿವರವಾಗಿ ತಿಳಿಸಿಕೊಡಬೇಕೆಂದು ಕೋರುತ್ತೇನೆ.

ಉತ್ತರ: ಏಣುಹಾದಿ

ನಿಮ್ಮ ಪ್ರಶ್ನೆಯಲ್ಲಿ ದೂರದ ಜೊತೆಗೆ ಏರಿನ ಲೆಕ್ಕವೂ ಇರುವುದನ್ನು ಕಂಡು ಸಂತೋಷವಾಯಿತು. ರಸ್ತೆಯಿಂದ ಗುಡ್ಡಕ್ಕೆ ಬರುವ ಬಹಳಷ್ಟು ಓಟಗಾರರು ಕಿಲೋಮೀಟರುಗಳನ್ನು ಮಾತ್ರ ನೋಡಿ ದಾರಿ ಆರಿಸಿಕೊಳ್ಳುತ್ತಾರೆ. ಆದರೆ ಗುಡ್ಡದಲ್ಲಿ ಒಂದು ದಾರಿಯ ಸ್ವಭಾವವನ್ನು ನಿರ್ಧರಿಸುವುದು ಅದರ ಉದ್ದಕ್ಕಿಂತ ಹೆಚ್ಚಾಗಿ, ಅದರ ಏರು ಎಲ್ಲಿ ಬರುತ್ತದೆ, ಎಷ್ಟು ದೂರದಲ್ಲಿ ಹಂಚಿಕೊಂಡಿದೆ, ಇಳಿತ ಬರುವ ಹೊತ್ತಿಗೆ ಕಾಲಿನಲ್ಲಿ ಎಷ್ಟು ಶಕ್ತಿ ಉಳಿದಿರುತ್ತದೆ ಎಂಬ ಸಂಗತಿಗಳು.

ಸಮಯದ ಅಂದಾಜಿಗೆ ಹಳೆಯದೊಂದು ಸೂತ್ರವಿದೆ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಕೊಟ್ಟ ಈ ಸೂತ್ರದ ಪ್ರಕಾರ ಬೆಟ್ಟದಲ್ಲಿ ನಡೆಯುವವರು ಪ್ರತಿ 3 ಮೈಲಿಗೆ ಒಂದು ಗಂಟೆಯನ್ನೂ, ಅದರ ಮೇಲೆ ಪ್ರತಿ 2000 ಅಡಿ ಏರಿಗೆ ಇನ್ನೊಂದು ಗಂಟೆಯನ್ನೂ ಲೆಕ್ಕ ಹಿಡಿಯಬೇಕು. ಸೂತ್ರವನ್ನು ನಡಿಗೆಗಾಗಿ ಮಾಡಿದ್ದಾದರೂ ಅದರೊಳಗಿನ ಅನುಪಾತ ಓಟಗಾರರಿಗೂ ಬಹಳ ಉಪಯುಕ್ತವಾಗಿದೆ: 2000 ಅಡಿ ಏರು 3 ಮೈಲಿಗೆ ಸಮವೆಂದರೆ, ಒಂದು ಮೀಟರ್ ಏರು ಸಮತಟ್ಟಿನ ಸುಮಾರು 8 ಮೀಟರಿಗೆ ಸಮ ಎಂದಾಯಿತು. ಅಂತರರಾಷ್ಟ್ರೀಯ ಟ್ರೇಲ್ ಓಟದ ಸಂಘಟನೆಯಾದ ಐಟಿಆರ್‌ಎ ಸ್ಪರ್ಧೆಗಳನ್ನು ವರ್ಗೀಕರಿಸಲು ಇದಕ್ಕೆ ಹತ್ತಿರವಾದ, ಆದರೆ ಇನ್ನೂ ಸರಳವಾದ ಲೆಕ್ಕವನ್ನು ಬಳಸುತ್ತದೆ. ಕಿಲೋಮೀಟರುಗಳಲ್ಲಿ ದೂರವನ್ನು ಬರೆದು, ಪ್ರತಿ 100 ಮೀಟರ್ ಏರಿಗೆ ಒಂದು ಕಿಲೋಮೀಟರನ್ನು ಅದಕ್ಕೆ ಕೂಡಿಸಿದರೆ ಆ ದಾರಿಯ ಶ್ರಮದ ಅಳತೆ ಸಿಗುತ್ತದೆ.

ನಿಮ್ಮ ಸುತ್ತಿಗೆ ಈ ಎರಡನೆಯ ಲೆಕ್ಕವನ್ನು ಅನ್ವಯಿಸೋಣ. 12 ಕಿ.ಮೀ.ಗೆ 4.5 ಸೇರಿಸಿದರೆ 16.5 ಆಗುತ್ತದೆ, ಸಮತಟ್ಟಿನಲ್ಲಿ ಕಿಲೋಮೀಟರಿಗೆ 6 ನಿಮಿಷದಂತೆ ಓಡುವ ನಿಮಗೆ ಸುಮಾರು 99 ನಿಮಿಷ. ಒಂದಕ್ಕೆ ಎಂಟರ ಅನುಪಾತ ಹಿಡಿದರೆ 94 ನಿಮಿಷದ ಆಸುಪಾಸು. ಎರಡೂ ಲೆಕ್ಕಗಳು ನೆಲದ ಗುಣವನ್ನು ಗಣನೆಗೆ ತೆಗೆದುಕೊಳ್ಳುವುದಿಲ್ಲ ಎಂಬುದನ್ನು ಮಾತ್ರ ನೆನಪಿಡಿ. ಬೇರುಗಳು, ಸಡಿಲ ಕಲ್ಲುಗಳು, ಕೆಸರು, ಇಕ್ಕಟ್ಟಾದ ತಿರುವುಗಳು ಇದ್ದಲ್ಲಿ ಸಮಯ ಇನ್ನೂ ಹೆಚ್ಚುತ್ತದೆ. ಆದ್ದರಿಂದ ಮೊದಲ ಸಲ ಎರಡು ಗಂಟೆಯ ಬಿಡುವು ಇಟ್ಟುಕೊಂಡು ಹೊರಡುವುದು ವಿವೇಕ.

ಇಡೀ ಸುತ್ತಿನ ಮೊತ್ತಕ್ಕಿಂತ ತುಂಡುತುಂಡಾಗಿ ಮಾಡಿದ ಲೆಕ್ಕವೇ ಹೆಚ್ಚು ಪ್ರಯೋಜನಕಾರಿ ಎಂಬುದು ನನ್ನ ಅಭಿಪ್ರಾಯ. ತೊರೆಯ ಹಾದಿಗೆ ಸುಮಾರು 28 ನಿಮಿಷ ಬರುತ್ತದೆ. ಕಡಿದಾದ ಕಾಲುದಾರಿಗೆ 1.5 ಮತ್ತು 2.4 ಸೇರಿ 3.9, ಅಂದರೆ 23 ನಿಮಿಷ. ರಸ್ತೆಯಲ್ಲಿ 9 ನಿಮಿಷಕ್ಕೆ ಮುಗಿಯುವ ದೂರಕ್ಕೆ ಇಲ್ಲಿ 23 ನಿಮಿಷ ಬೇಕೆಂಬುದು ಮೊದಲೇ ತಿಳಿದಿದ್ದರೆ, ಆ ಏರಿನ ಬುಡದಲ್ಲಿ ಗಡಿಯಾರ ನೋಡಿ ಗಾಬರಿಗೊಂಡು ವೇಗ ಹೆಚ್ಚಿಸುವ ಪ್ರಮೇಯವೇ ಬರುವುದಿಲ್ಲ.

ನಕ್ಷೆ ಓದುವ ಬಗ್ಗೆಯೂ ಒಂದೆರಡು ಮಾತು ಹೇಳಬೇಕು. ಸಮೋನ್ನತಿ ರೇಖೆಗಳಿರುವ, ಅಂದರೆ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ರೇಖೆಗಳಿರುವ, ನಕ್ಷೆ ಸಿಕ್ಕರೆ ಅದನ್ನೇ ಬಳಸಿ. ರೇಖೆಗಳ ನಡುವಿನ ಎತ್ತರದ ಅಂತರ ಎಷ್ಟೆಂಬುದನ್ನು ನಕ್ಷೆಯ ಅಂಚಿನಲ್ಲಿ ಬರೆದಿರುತ್ತಾರೆ. ಸಾಮಾನ್ಯವಾಗಿ ಪ್ರತಿ ಐದನೆಯ ರೇಖೆಯನ್ನು ದಪ್ಪವಾಗಿ ಎಳೆದಿರುತ್ತಾರೆ. ಅಂತರ 10 ಮೀಟರ್ ಎಂದಿಟ್ಟುಕೊಂಡರೆ ನಿಮ್ಮ ಕಡಿದಾದ ದಾರಿ 24 ರೇಖೆಗಳನ್ನು ದಾಟುತ್ತದೆ. 1:25,000 ಪ್ರಮಾಣದ ನಕ್ಷೆಯಲ್ಲಿ 1.5 ಕಿ.ಮೀ. ಎಂದರೆ 6 ಸೆಂಟಿಮೀಟರ್. ಆ 24 ರೇಖೆಗಳು ಆರು ಸೆಂಟಿಮೀಟರಿನಲ್ಲಿ ಸಮನಾಗಿ ಹರಡಿಕೊಂಡಿವೆಯೋ, ಅಥವಾ ಕೊನೆಯ ಎರಡು ಸೆಂಟಿಮೀಟರಿನಲ್ಲಿ ಒತ್ತಾಗಿ ಸೇರಿಕೊಂಡಿವೆಯೋ ಎಂಬುದನ್ನು ಮುಖ್ಯವಾಗಿ ಗಮನಿಸಬೇಕು. ಸಮನಾಗಿದ್ದರೆ ಶೇ. 16ರ ಏರು (100 ಮೀಟರ್ ದೂರಕ್ಕೆ 16 ಮೀಟರ್ ಎತ್ತರ) ಉದ್ದಕ್ಕೂ ಇರುತ್ತದೆ. ಒತ್ತಾಗಿದ್ದರೆ ಕೆಳಗೆ ಓಡಬಹುದಾದ ದಾರಿ ಮೇಲೆ ಕೈಗಳನ್ನು ಮಂಡಿಗೆ ಊರಿ ಹತ್ತಬೇಕಾದ ದಾರಿಯಾಗಿಬಿಡುತ್ತದೆ. ರೇಖೆಗಳು ಕಣಿವೆಯಲ್ಲಿ ಎತ್ತರದ ಕಡೆಗೂ, ಏಣಿನಲ್ಲಿ ತಗ್ಗಿನ ಕಡೆಗೂ ಮೊನೆ ಮಾಡುತ್ತವೆ ಎಂಬುದನ್ನು ತಿಳಿದುಕೊಂಡರೆ, ದಾರಿ ತೊರೆಯನ್ನು ಹಿಡಿದು ಹೋಗುತ್ತಿದೆಯೋ ಬೆಟ್ಟದ ಬೆನ್ನನ್ನು ಹಿಡಿದು ಹೋಗುತ್ತಿದೆಯೋ ಎಂಬುದು ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಮೊದಲ ವಾರಗಳಿಗೆ ನನ್ನ ಸಲಹೆ ಇಷ್ಟು. ಸುತ್ತನ್ನು ಸದ್ಯಕ್ಕೆ ಬಿಡಿ. ಮಣ್ಣುರಸ್ತೆಯಲ್ಲಿ ಮೇಲಕ್ಕೆ ಹೋಗಿ ಅದರಲ್ಲೇ ಹಿಂದಿರುಗಿ. ಅದರ ಸರಾಸರಿ ಏರು ಶೇ. 5ರ ಒಳಗೇ ಇದೆ, ಅಗಲವೂ ಇದೆ, ದಾರಿ ತಪ್ಪುವ ಸಂಭವ ಕಡಿಮೆ, ಎಲ್ಲಿ ಬೇಕಾದರೂ ಹಿಂದಿರುಗಬಹುದು. ಎಷ್ಟು ದೂರ ಹೋಗಬೇಕೆಂದು ನಿಗದಿ ಮಾಡಿಕೊಳ್ಳದೆ, ಎಷ್ಟು ಹೊತ್ತು ಹೋಗಬೇಕೆಂದು ನಿಗದಿ ಮಾಡಿಕೊಳ್ಳಿ. ಆ ನಿಮಿಷ ಬಂದ ಕೂಡಲೇ, ನೆತ್ತಿ ಕಣ್ಣಿಗೆ ಕಾಣುತ್ತಿದ್ದರೂ, ಹಿಂದಿರುಗಿ. ಕಾಲು ಈ ನೆಲಕ್ಕೆ ಹೊಂದಿಕೊಂಡ ಮೇಲೆ ಸುತ್ತನ್ನು ಪೂರ್ಣವಾಗಿ ಓಡಬಹುದು. ಆಗಲೂ ನಾನು ಮಣ್ಣುರಸ್ತೆಯಲ್ಲಿ ಹತ್ತುವುದನ್ನೇ ಇಷ್ಟಪಡುತ್ತೇನೆ, ಏಕೆಂದರೆ ನಿಧಾನವಾದ ಏರಿನಲ್ಲಿ ನಡೆಯದೆ ಓಡಿಕೊಂಡೇ ಎತ್ತರ ಗಳಿಸಬಹುದು. ಮೇಲಾಗಿ ತೊರೆಯ ನೆರಳು ಕೊನೆಯ ನಾಲ್ಕು ಕಿಲೋಮೀಟರಿಗೆ ಒದಗುತ್ತದೆ.

ಉತ್ತರ: ಇಳುಕಲು

ಏಣುಹಾದಿಯವರು ಹೇಳಿದ ಲೆಕ್ಕವನ್ನೂ ಮೊದಲ ವಾರಗಳ ಕ್ರಮವನ್ನೂ ನಾನು ಪೂರ್ಣವಾಗಿ ಒಪ್ಪುತ್ತೇನೆ. ಸುತ್ತಿನ ದಿಕ್ಕಿನ ವಿಷಯದಲ್ಲಿ ಮಾತ್ರ ನನ್ನದು ಭಿನ್ನಾಭಿಪ್ರಾಯ. ಹೊಸಬರು ಕಡಿದಾದ ದಾರಿಯಲ್ಲಿ ಹತ್ತಬೇಕು, ನಿಧಾನವಾದ ದಾರಿಯಲ್ಲಿ ಇಳಿಯಬೇಕು ಎಂದು ನಾನು ಒತ್ತಿ ಹೇಳುತ್ತೇನೆ. ಹೊರಟಲ್ಲಿಗೇ ಬಂದು ಸೇರುವ ಸುತ್ತಿನಲ್ಲಿ ಒಟ್ಟು ಏರು ಎಷ್ಟೋ ಒಟ್ಟು ಇಳಿತವೂ ಅಷ್ಟೇ. ಯಾವ ದಿಕ್ಕಿನಲ್ಲಿ ಹೋದರೂ 450 ಮೀಟರ್ ಹತ್ತಿ 450 ಮೀಟರ್ ಇಳಿಯಲೇಬೇಕು. ದಿಕ್ಕು ಬದಲಾದಾಗ ಬದಲಾಗುವುದು ಇಳಿತ ಎಷ್ಟು ಕಡಿದಾಗಿರುತ್ತದೆ ಎಂಬುದು ಮಾತ್ರ, ಮತ್ತು ಗುಡ್ಡದ ಓಟದಲ್ಲಿ ದೇಹಕ್ಕೆ ಪೆಟ್ಟು ಬೀಳುವುದು ಇಳಿತದಲ್ಲಿಯೇ.

ಇದಕ್ಕೆ ಕಾರಣ ಸ್ನಾಯುಗಳು ಕೆಲಸ ಮಾಡುವ ರೀತಿಯಲ್ಲಿದೆ. ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತ ಬಲ ಹಾಕುತ್ತದೆ. ಇಳಿಯುವಾಗ ಅದೇ ಸ್ನಾಯು ದೇಹದ ಭಾರವನ್ನು ತಡೆಹಿಡಿಯುತ್ತ, ಬಲ ಹಾಕುತ್ತಿರುವಾಗಲೇ ಹಿಗ್ಗುತ್ತ ಹೋಗುತ್ತದೆ. ಹೀಗೆ ಹಿಗ್ಗುತ್ತ ಮಾಡುವ ಕೆಲಸದಲ್ಲಿ ಸ್ನಾಯುವಿನ ನಾರುಗಳಿಗೆ ಸೂಕ್ಷ್ಮವಾದ ಹಾನಿಯಾಗುತ್ತದೆ. ಅದರ ನೋವು ಆ ದಿನವಲ್ಲದೆ ಒಂದರಿಂದ ಮೂರು ದಿನಗಳ ನಡುವೆ ಉಚ್ಚಸ್ಥಿತಿಗೆ ಬರುತ್ತದೆ. ಓಡುವ ಹೊತ್ತಿನಲ್ಲಿ ಇದು ಗೊತ್ತಾಗುವುದೇ ಇಲ್ಲ. ಇಟಲಿಯ ಶರೀರಕ್ರಿಯಾ ವಿಜ್ಞಾನಿ ಆಲ್ಬರ್ಟೊ ಮಿನೆಟ್ಟಿ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪರ್ವತ ಓಟಗಾರರನ್ನು ಶೇ. 45ರ ಏರಿನಿಂದ ಶೇ. 45ರ ಇಳಿತದವರೆಗೆ ಟ್ರೆಡ್‌ಮಿಲ್ಲಿನ ಮೇಲೆ ಓಡಿಸಿ, ದೇಹ ವ್ಯಯಿಸುವ ಶಕ್ತಿಯನ್ನು ಅಳೆದಿದ್ದರು. ಸಮತಟ್ಟಿನಲ್ಲಿ ದೇಹತೂಕದ ಪ್ರತಿ ಕಿಲೋಗ್ರಾಮಿಗೆ, ಪ್ರತಿ ಮೀಟರಿಗೆ ಸುಮಾರು 3.4 ಜೂಲ್ ಖರ್ಚಾದರೆ, ಶೇ. 20ರ ಇಳಿತದಲ್ಲಿ ಅದು ಅತ್ಯಂತ ಕಡಿಮೆಯಾಗಿ, ಅದರ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅಂದರೆ ನಿಮ್ಮ ಶೇ. 16ರ ಕಾಲುದಾರಿಯಲ್ಲಿ ಇಳಿಯುವಾಗ ಉಸಿರು ಹಗುರವಾಗಿಯೂ ಎದೆಬಡಿತ ನೆಮ್ಮದಿಯಾಗಿಯೂ ಇರುತ್ತದೆ. ತೊಡೆ ಸವೆಯುತ್ತಿರುವುದನ್ನು ಶ್ವಾಸಕೋಶ ಹೇಳುವುದಿಲ್ಲ. ರಸ್ತೆಯಲ್ಲಿ ಉಸಿರನ್ನೇ ಮಾಪಕವಾಗಿ ಬಳಸಿ ಪಳಗಿದ ಓಟಗಾರರು ಇಲ್ಲಿಯೇ ಮಿತಿ ಮೀರುತ್ತಾರೆ.

ಏಣುಹಾದಿಯವರ ದಿಕ್ಕಿನಲ್ಲಿ ಹೋದರೆ 6.5 ಕಿ.ಮೀ. ಹತ್ತಿ ದಣಿದ ಕಾಲಿನಿಂದ ಆ ಕಡಿದಾದ ಇಳಿತಕ್ಕೆ ಬರುತ್ತೀರಿ, ಆಮೇಲೂ ತೊರೆಯ ಹಾದಿಯ 4 ಕಿ.ಮೀ. ಬಾಕಿ ಇರುತ್ತದೆ. ಹಗುರವಾಗಿ ಓಡಿಹೋಗಬೇಕಾದ ಆ ನಾಲ್ಕು ಕಿಲೋಮೀಟರುಗಳಲ್ಲಿ ಪಾದವನ್ನು ಸಾಕಷ್ಟು ಎತ್ತಲಾಗದೆ ಬೇರುಗಳಿಗೆ ಎಡವುವ ಅಪಾಯವಿದೆ. ವಿರುದ್ಧ ದಿಕ್ಕಿನಲ್ಲಿ ತೊರೆಯ ಹಾದಿ ಮೈ ಕಾಯಿಸುತ್ತದೆ, ಕಡಿದಾದ ಏರಿನಲ್ಲಿ ಗಟ್ಟಿಯಾಗಿ ನಡೆಯಬಹುದು, ಬಳಿಕ ಅಗಲವಾದ ದಾರಿಯಲ್ಲಿ ಕಣ್ಣಿಗೆ ಮುಂದಿನದೆಲ್ಲ ಕಾಣುತ್ತಿರುವಾಗ ನಿರಾಳವಾಗಿ ಇಳಿಯಬಹುದು.

ಇಳಿಯುವುದನ್ನು ಕಲಿಯಬೇಕು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಅದನ್ನು ಸಣ್ಣ ಪ್ರಮಾಣದಲ್ಲಿ, ಬೇರೆಯಾಗಿಯೇ ಕಲಿಯಬೇಕು. ದೇಹಕ್ಕೆ ಒಂದು ಒಳ್ಳೆಯ ಗುಣವಿದೆ. ಒಮ್ಮೆ ಸ್ವಲ್ಪ ಇಳಿತಕ್ಕೆ ಒಡ್ಡಿಕೊಂಡ ಸ್ನಾಯು ಮುಂದಿನ ಹಲವು ವಾರಗಳವರೆಗೆ ಅಂಥದೇ ಇಳಿತದಿಂದ ಕಡಿಮೆ ಹಾನಿಗೊಳಗಾಗುತ್ತದೆ. ಆದ್ದರಿಂದ ಕಡಿದಾದ ದಾರಿಯ ಕೆಳಗಿನ 200 ಅಥವಾ 300 ಮೀಟರನ್ನಷ್ಟೇ ಹತ್ತಿ, ಅಷ್ಟನ್ನೇ ಇಳಿದು ಅಭ್ಯಾಸ ಮಾಡಿ. ಹೆಜ್ಜೆಗಳು ಚಿಕ್ಕದಾಗಿರಲಿ, ಚುರುಕಾಗಿರಲಿ. ಮೈಯನ್ನು ಹಿಂದಕ್ಕೆ ವಾಲಿಸಿ ಹಿಮ್ಮಡಿಯಿಂದ ತಡೆಯೊತ್ತಲು ಹೋಗಬೇಡಿ. ಹಾಗೆ ಮಾಡಿದಾಗ ಸಡಿಲ ಮಣ್ಣಿನಲ್ಲಿ ಕಾಲು ಮುಂದಕ್ಕೆ ಜಾರುತ್ತದೆ. ಸೊಂಟ ಪಾದಗಳ ಮೇಲೆಯೇ ಇರಬೇಕು, ಮಂಡಿ ಸ್ವಲ್ಪ ಮಡಿದಿರಬೇಕು, ತೋಳುಗಳು ಸಮತೋಲನಕ್ಕಾಗಿ ಅಗಲವಾಗಿ ಚಾಚಿದರೂ ಚಿಂತೆಯಿಲ್ಲ. ದೃಷ್ಟಿ ಪಾದದ ಬುಡದಲ್ಲಿ ನೆಡದೆ ಮೂರು ನಾಲ್ಕು ಹೆಜ್ಜೆ ಮುಂದಿರಲಿ. ಮುಂದಿನ ನೆಲ ಕಾಣದಷ್ಟು ವೇಗ ಬಂದರೆ ಅದು ನಿಮ್ಮ ವೇಗವಲ್ಲ, ಇಳಿಜಾರಿನ ವೇಗ.

ತೊರೆಯಂಚು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಮೊದಲು ಮಣ್ಣುರಸ್ತೆಯಲ್ಲಿ ಹೋಗಿ ಬರುವುದು, ಬಳಿಕ ಸುತ್ತನ್ನು ಕಡಿದಾದ ಏರಿನ ಕಡೆಯಿಂದ ಓಡುವುದು ಎಂದು ತೀರ್ಮಾನಿಸಿದ್ದೇನೆ. ಇನ್ನೂ ಕೆಲವು ಸಂದೇಹಗಳಿವೆ. ಏರಿನಲ್ಲಿ ನಡೆದರೆ ಅದನ್ನು ಓಟವೆಂದು ಕರೆಯಬಹುದೇ, ಅಥವಾ ಅಭ್ಯಾಸದ ಫಲ ಕಡಿಮೆಯಾಗುತ್ತದೆಯೇ? ನನ್ನ ಕೈಗಡಿಯಾರ ತೋರಿಸುವ ಒಟ್ಟು ಏರಿಗೂ ನಕ್ಷೆಯ ಲೆಕ್ಕಕ್ಕೂ ತಾಳೆಯಾಗುತ್ತಿಲ್ಲ, ಯಾವುದನ್ನು ನಂಬಬೇಕು? ಮಳೆ ಬಂದ ಮರುದಿನ ಯಾವ ದಾರಿಯನ್ನು ಬಿಟ್ಟುಬಿಡಬೇಕು? ಮಣ್ಣುರಸ್ತೆಯಲ್ಲಿ ಸೈಕಲ್ ಸವಾರರೂ ಬರುತ್ತಾರೆ. ದಾರಿ ಯಾರು ಯಾರಿಗೆ ಬಿಡಬೇಕು ಎಂಬುದೂ ತಿಳಿಯಬೇಕಿದೆ.

ಉತ್ತರ: ಹಸಿರುದಾರಿ

ಮಳೆಯ ಬಗ್ಗೆ ಮತ್ತು ದಾರಿ ಬಿಡುವ ಬಗ್ಗೆ ನಾನು ಹೇಳುತ್ತೇನೆ.

ಮಳೆಯ ಮರುದಿನ ಬಿಡಬೇಕಾದದ್ದು ಕಡಿದಾದ ಕಾಲುದಾರಿಯನ್ನು. ಮಣ್ಣಿನ ದಾರಿಯ ದೊಡ್ಡ ಶತ್ರು ನೀರು. ನೀರು ದಾರಿಯನ್ನು ಅಡ್ಡಲಾಗಿ ದಾಟಿ ಇಳಿದುಹೋದರೆ ತೊಂದರೆಯಿಲ್ಲ, ದಾರಿಯುದ್ದಕ್ಕೂ ಹರಿಯತೊಡಗಿದರೆ ಕೊರಕಲು ಬೀಳುತ್ತದೆ. ಅದಕ್ಕಾಗಿಯೇ ದಾರಿ ನಿರ್ಮಿಸುವವರು ಎರಡು ನಿಯಮಗಳನ್ನು ಪಾಲಿಸುತ್ತಾರೆ: ದಾರಿಯ ಏರು ಗುಡ್ಡದ ಪಕ್ಕದ ಇಳಿಜಾರಿನ ಅರ್ಧಕ್ಕಿಂತ ಹೆಚ್ಚಿರಬಾರದು, ಮತ್ತು ಒಟ್ಟಾರೆ ಸರಾಸರಿ ಶೇ. 10ರ ಆಸುಪಾಸಿನಲ್ಲಿರಬೇಕು. ನೀವು ಹೇಳುತ್ತಿರುವ ಶೇ. 16ರ ದಾರಿ ಆ ಮಿತಿಯನ್ನು ಮೀರಿರುವುದರಿಂದ ಅದು ಸುಲಭವಾಗಿ ಹಾಳಾಗುವ ದಾರಿ. ನೆನೆದ ಮಣ್ಣಿನ ಮೇಲೆ ಶೂಗಳ ಹಲ್ಲುಗಳು ಮಾಡುವ ಪ್ರತಿಯೊಂದು ಗುಂಡಿಯೂ ಮುಂದಿನ ಮಳೆಗೆ ಕಾಲುವೆಯ ಆರಂಭವಾಗುತ್ತದೆ. ಜಲ್ಲಿ ಹಾಕಿ ಗಟ್ಟಿಗೊಳಿಸಿದ ಮಣ್ಣುರಸ್ತೆಯಾದರೆ ಅಂದು ಅದೇ ಯೋಗ್ಯ. ದಾರಿಯ ನಡುವೆ ನೀರು ನಿಂತಿದ್ದರೆ ನಡುವೆಯೇ ಹಾದುಹೋಗಿ. ಶೂ ಒದ್ದೆಯಾಗಬಾರದೆಂದು ಅಂಚಿನಲ್ಲಿ ಹೋದವರಿಂದಲೇ ಒಂದಾಳು ಹೋಗುವ ದಾರಿ ವರ್ಷ ಕಳೆಯುವಷ್ಟರಲ್ಲಿ ಮೂರಾಳು ಹೋಗುವಷ್ಟು ಅಗಲದ ಕೆಸರುಗದ್ದೆಯಾಗುತ್ತದೆ. ಹಿಮ್ಮುರಿ ತಿರುವುಗಳ ನಡುವೆ ಅಡ್ಡ ಹಾಯ್ದು ಇಳಿಯುವುದನ್ನು ಯಾವ ಕಾರಣಕ್ಕೂ ಮಾಡಬೇಡಿ. ಆ ತಿರುವುಗಳನ್ನು ದಾರಿಯ ಏರನ್ನೂ ನೀರಿನ ವೇಗವನ್ನೂ ತಗ್ಗಿಸಲೆಂದು ಮಾಡಿರುತ್ತಾರೆ. ನಾವು ತುಳಿದು ಮಾಡಿದ ಅಡ್ಡದಾರಿಯನ್ನೇ ಮಳೆನೀರು ತನ್ನ ದಾರಿಯಾಗಿ ಆರಿಸಿಕೊಳ್ಳುತ್ತದೆ.

ದಾರಿ ಬಿಡುವ ವಿಷಯದಲ್ಲಿ ಉದ್ಯಾನದ ಫಲಕದಲ್ಲಿ ಬರೆದ ನಿಯಮವೇ ಅಂತಿಮ. ಫಲಕವಿಲ್ಲದ ಕಡೆಗಳಲ್ಲಿ ಬಳಕೆಯಲ್ಲಿರುವ ರೂಢಿ ಹೀಗಿದೆ: ಸೈಕಲ್ ಸವಾರರು ಕಾಲಿನಲ್ಲಿ ಹೋಗುವವರಿಗೆ ದಾರಿ ಬಿಡುತ್ತಾರೆ, ಎಲ್ಲರೂ ಕುದುರೆಗಳಿಗೆ ದಾರಿ ಬಿಡುತ್ತಾರೆ, ಇಳಿಯುವವರು ಹತ್ತುವವರಿಗೆ ದಾರಿ ಬಿಡುತ್ತಾರೆ. ಆದರೂ ವೇಗವಾಗಿ ಇಳಿದು ಬರುವ ಸೈಕಲಿಗೆ ನಿಲ್ಲುವುದು ಕಷ್ಟವಾದ್ದರಿಂದ, ಕುರುಡು ತಿರುವುಗಳಲ್ಲಿ ಕಿವಿಗೆ ಏನನ್ನೂ ಹಾಕಿಕೊಳ್ಳದೆ ಓಡುವುದು ಸುರಕ್ಷಿತ. ನಡೆಯುವವರನ್ನು ಹಿಂದಿನಿಂದ ದಾಟುವಾಗ ಸಾಕಷ್ಟು ದೂರದಲ್ಲೇ ದನಿ ಮಾಡಿ, ಅವರು ಹೊರಳಿ ನೋಡಿದ ಮೇಲೆ ನಡಿಗೆಯ ವೇಗದಲ್ಲಿ ದಾಟಿ. ಕುದುರೆಯಿದ್ದರೆ ಪೂರ್ತಿ ನಿಂತು, ಇಳಿಜಾರಿನ ಕೆಳಬದಿಗೆ ಸರಿದು, ಸವಾರರೊಡನೆ ಮಾತನಾಡಿ. ಮನುಷ್ಯರ ದನಿ ಕೇಳಿದರೆ ಕುದುರೆ ಬೆದರುವುದು ಕಡಿಮೆ.

ಉತ್ತರ: ಮಂಜುಬೆಟ್ಟ

ಉಳಿದ ಎರಡು ಸಂದೇಹಗಳಿಗೆ ಉತ್ತರಿಸಿ, ಯಾರೂ ಪ್ರಸ್ತಾಪಿಸದ ಒಂದೆರಡು ವಿಷಯಗಳನ್ನು ಸೇರಿಸುತ್ತೇನೆ.

ಏರಿನಲ್ಲಿ ನಡೆಯುವುದು ಟ್ರೇಲ್ ಓಟದ ಭಾಗವೇ ಆಗಿದೆ. ಜಗತ್ತಿನ ಶ್ರೇಷ್ಠ ಪರ್ವತ ಓಟಗಾರರೂ ಕಡಿದಾದ ಏರುಗಳನ್ನು ನಡೆದೇ ಹತ್ತುತ್ತಾರೆ. ಟ್ರೆಡ್‌ಮಿಲ್ಲಿನ ಮೇಲೆ ಕಡಿದಾದ ಏರುಗಳಲ್ಲಿ ನಡೆಸಿದ ಪ್ರಯೋಗಗಳಲ್ಲಿ, ಒಂದೇ ಸಮಯದಲ್ಲಿ ಒಂದೇ ಎತ್ತರವನ್ನು ಗಳಿಸುವವರ ಪೈಕಿ ನಡೆಯುವವರಿಗೆ ಓಡುವವರಿಗಿಂತ ಕಡಿಮೆ ಶಕ್ತಿ ಸಾಕಾಗುತ್ತದೆ ಎಂದು ಕಂಡುಬಂದಿದೆ. ಓಡುವುದೋ ನಡೆಯುವುದೋ ಎಂಬುದನ್ನು ಮಾನದ ಪ್ರಶ್ನೆಯನ್ನಾಗಿ ಮಾಡಿಕೊಳ್ಳದೆ ಉಸಿರಿಗೆ ಬಿಡಿ. ಪೂರ್ಣ ವಾಕ್ಯವೊಂದನ್ನು ತಡೆಯಿಲ್ಲದೆ ಹೇಳಲಾಗದ ಸ್ಥಿತಿ ಬಂದಾಗ ನಡಿಗೆಗೆ ಇಳಿಯಿರಿ, ಆದರೆ ಚುರುಕಾಗಿ ನಡೆಯಿರಿ. ಏರು ಮುಗಿದ ಕೂಡಲೇ ಮತ್ತೆ ಓಟಕ್ಕೆ ಮರಳುವ ಅಭ್ಯಾಸವೇ ನಿಮ್ಮ ಒಟ್ಟು ಸಮಯವನ್ನು ಹೆಚ್ಚು ತಗ್ಗಿಸುತ್ತದೆ. ಬಹಳ ಮಂದಿ ನೆತ್ತಿ ದಾಟಿದ ಮೇಲೂ ಹತ್ತುವ ಲಯದಲ್ಲೇ ನಡೆಯುತ್ತಿರುತ್ತಾರೆ.

ಕೈಗಡಿಯಾರದ ವಿಷಯಕ್ಕೆ ಬಂದರೆ, ಎರಡೂ ಅಂದಾಜುಗಳೇ. ಉಪಗ್ರಹದ ಸಂಕೇತದಿಂದ ಎತ್ತರವನ್ನು ಕಂಡುಹಿಡಿಯುವುದು ನೆಲದ ಮೇಲಿನ ಸ್ಥಾನವನ್ನು ಕಂಡುಹಿಡಿಯುವುದಕ್ಕಿಂತ ಹೆಚ್ಚು ತಪ್ಪಿಗೆ ಒಳಗಾಗುತ್ತದೆ. ದಟ್ಟ ಮರಗಳ ಕೆಳಗೂ ಇಕ್ಕಟ್ಟಾದ ಕಣಿವೆಯಲ್ಲೂ ಸಂಕೇತ ಪುಟಿದು ಬರುವುದರಿಂದ ಆ ತಪ್ಪು ಇನ್ನೂ ಹೆಚ್ಚಾಗುತ್ತದೆ. ಗಾಳಿಯ ಒತ್ತಡವನ್ನು ಅಳೆಯುವ ಸಾಧನವಿರುವ ಗಡಿಯಾರಗಳು ಎತ್ತರದ ಏರಿಳಿತವನ್ನು ಚೆನ್ನಾಗಿಯೇ ಹಿಡಿಯುತ್ತವೆ, ಆದರೆ ಓಟದ ನಡುವೆ ಹವೆ ಬದಲಾಗಿ ಒತ್ತಡ ಕುಸಿದರೆ, ನೀವು ನಿಂತಲ್ಲೇ ನಿಂತಿದ್ದರೂ ಮೇಲೇರುತ್ತಿದ್ದೀರಿ ಎಂದು ಅವು ಭಾವಿಸುತ್ತವೆ. ಇನ್ನು ಎಷ್ಟು ಚಿಕ್ಕ ಉಬ್ಬನ್ನು ಏರೆಂದು ಎಣಿಸಬೇಕು ಎಂಬ ನಿರ್ಧಾರ ಒಂದೊಂದು ತಂತ್ರಾಂಶದಲ್ಲಿ ಒಂದೊಂದು ಬಗೆಯಾಗಿರುವುದರಿಂದ, ಒಂದೇ ದಾರಿಗೆ ಎರಡು ಗಡಿಯಾರಗಳು ಬೇರೆ ಬೇರೆ ಮೊತ್ತ ತೋರಿಸಿದರೆ ಆಶ್ಚರ್ಯಪಡಬೇಕಾಗಿಲ್ಲ. ಯಾವುದಾದರೂ ಒಂದನ್ನು ಹಿಡಿದು ಅದರಲ್ಲೇ ಮುಂದುವರಿಯಿರಿ. ಒಂದು ದಾರಿಯನ್ನು ಇನ್ನೊಂದರ ಜೊತೆ ಹೋಲಿಸಲು ಅಷ್ಟು ಸಾಕು. ಹಿಮ್ಮುರಿ ತಿರುವುಗಳಿರುವ ಕಡೆ ಗಡಿಯಾರ ತಿರುವುಗಳ ತುದಿಯನ್ನು ಕತ್ತರಿಸಿ ದೂರವನ್ನು ಕಡಿಮೆ ತೋರಿಸುವುದೂ ಉಂಟು.

ಹವೆಯ ಬಗ್ಗೆ ಹೇಳುವುದಾದರೆ, ಎತ್ತರ ಹೆಚ್ಚಿದಂತೆ ಉಷ್ಣಾಂಶ ಸರಾಸರಿ ಪ್ರತಿ 1000 ಮೀಟರಿಗೆ 6.5 ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿಯುತ್ತದೆ. 300 ಮೀಟರ್ ಏರಿದರೆ ಎರಡು ಡಿಗ್ರಿಯಷ್ಟೇ ವ್ಯತ್ಯಾಸ. ಆದರೆ ಬೆವರಿನಿಂದ ನೆನೆದ ಅಂಗಿಯಲ್ಲಿ ಏಣಿನ ಬಯಲಿಗೆ ಬಂದಾಗ ಚಳಿ ಹಿಡಿಸುವುದು ಗಾಳಿ. ತೆಳುವಾದ ಗಾಳಿತಡೆ ಅಂಗಿಯೊಂದು ಸೊಂಟದ ಚೀಲದಲ್ಲಿರಲಿ. ಶಾಂತವಾದ, ಮೋಡವಿಲ್ಲದ ಬೆಳಗಿನ ಜಾವದಲ್ಲಿ ಇದು ತಿರುವುಮುರುವಾಗುವುದೂ ಸಾಧ್ಯ: ತಣ್ಣನೆಯ ಗಾಳಿ ಭಾರವಾಗಿ ಕಣಿವೆಗೆ ಇಳಿದು ಮಡುಗಟ್ಟುವುದರಿಂದ ತೊರೆಯ ಹಾದಿಯೇ ನೆತ್ತಿಗಿಂತ ತಂಪಾಗಿರುತ್ತದೆ. ಗುಡುಗಿನ ಲಕ್ಷಣವಿದ್ದ ದಿನ ಏಣಿನ ದಾರಿಯನ್ನು ಪೂರ್ತಿಯಾಗಿ ಬಿಟ್ಟುಬಿಡಿ. ಶಬ್ದ ಒಂದು ಕಿಲೋಮೀಟರ್ ಸಾಗಲು ಸುಮಾರು ಮೂರು ಸೆಕೆಂಡು ಬೇಕಾಗುವುದರಿಂದ, ಮಿಂಚಿಗೂ ಗುಡುಗಿಗೂ ನಡುವಿನ ಅಂತರ 30 ಸೆಕೆಂಡಿಗಿಂತ ಕಡಿಮೆಯಿದ್ದರೆ ಮಿಂಚು 10 ಕಿ.ಮೀ. ಒಳಗೇ ಇದೆ ಎಂದರ್ಥ, ಆಗ ಎತ್ತರದಲ್ಲಿರಬಾರದು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವವರೆಗೆ ಮತ್ತೆ ಮೇಲಕ್ಕೆ ಹೋಗಬಾರದು.

ನಿಮ್ಮ ಸುತ್ತಿನಲ್ಲಿ ನನಗೆ ಕಾಣುವ ಒಂದೇ ಕೊರತೆಯೆಂದರೆ, ಕಡಿದಾದ ಕಾಲುದಾರಿಯನ್ನು ಹತ್ತಿ ಮುಗಿಸಿದ ಮೇಲೆ ಮನೆಗೆ ಹತ್ತಿರದ ದಾರಿ ಎಂಬುದು ಉಳಿಯುವುದಿಲ್ಲ. ಅಲ್ಲಿಂದ ಹಿಂದಿರುಗಿದರೆ 5.5 ಕಿ.ಮೀ., ಮುಂದೆ ಹೋದರೆ 6.5 ಕಿ.ಮೀ. ಆದ್ದರಿಂದ ಮುಂದುವರಿಯಬೇಕೋ ಬೇಡವೋ ಎಂಬ ನಿರ್ಧಾರವನ್ನು ತೊರೆಯ ಹಾದಿ ಮುಗಿಯುವಲ್ಲಿ, ಏರು ತೊಡಗುವ ಮುನ್ನವೇ ತೆಗೆದುಕೊಳ್ಳಿ. ಅಲ್ಲಿ ಕಣಕಾಲಿನಲ್ಲಿ ಸಣ್ಣ ನೋವು ಕಂಡರೂ, ನೀರು ಅರ್ಧಕ್ಕಿಂತ ಕಡಿಮೆ ಉಳಿದಿದ್ದರೂ, ಬಂದ ದಾರಿಯಲ್ಲೇ ಹಿಂದಿರುಗಿದರೆ 8 ಕಿ.ಮೀ.ಗಳ ಒಳ್ಳೆಯ ಓಟವೇ ಆಗಿರುತ್ತದೆ. ನೀರನ್ನು ಬಾಯಾರಿಕೆಗೆ ತಕ್ಕಂತೆ ಕುಡಿಯಿರಿ. ಬಾಯಾರಿಕೆಯನ್ನು ಮೀರಿ ಗಂಟೆಗಟ್ಟಲೆ ಕುಡಿಯುತ್ತ ಹೋದರೆ ರಕ್ತದ ಸೋಡಿಯಂ ತೆಳುವಾಗಿ ಅಪಾಯವಾಗಬಹುದು.

ಕಣಿವೆಯಲ್ಲಿ ಮೊಬೈಲ್ ಸಂಪರ್ಕ ಸಿಗುತ್ತದೆಂದು ನಂಬಬೇಡಿ. ಚಿಕ್ಕ ಸೀಟಿಯೊಂದು ಜೊತೆಗಿರಲಿ: ಒಂದು ನಿಮಿಷದಲ್ಲಿ ಆರು ಸಲ ಊದಿ, ಒಂದು ನಿಮಿಷ ಬಿಟ್ಟು, ಮತ್ತೆ ಆರು ಸಲ ಊದುವುದು ಪರ್ವತಗಳಲ್ಲಿ ನೆರವು ಕೋರುವ ಅಂತರರಾಷ್ಟ್ರೀಯ ಸಂಕೇತ, ಉತ್ತರವಾಗಿ ನಿಮಿಷಕ್ಕೆ ಮೂರು ಸಲ ಕೇಳಿಬಂದರೆ ಯಾರೋ ನಿಮ್ಮ ಕರೆಯನ್ನು ಕೇಳಿಸಿಕೊಂಡಿದ್ದಾರೆ. ಹೊರಡುವ ಮುನ್ನ ಮನೆಯವರಿಗೋ ಸ್ನೇಹಿತರಿಗೋ ದಾರಿಯನ್ನೂ ಹಿಂದಿರುಗುವ ಸಮಯವನ್ನೂ ತಿಳಿಸುವಾಗ, ಸುತ್ತನ್ನು ಯಾವ ದಿಕ್ಕಿನಲ್ಲಿ ಓಡುತ್ತೀರಿ ಎಂಬುದನ್ನೂ ತಪ್ಪದೆ ಹೇಳಿ. ನೀವು ತಡವಾದರೆ ಹುಡುಕಲು ಬರುವವರು ಎದುರಿನಿಂದ ಬರಬೇಕೋ ಹಿಂದಿನಿಂದ ಬರಬೇಕೋ ಎಂಬುದು ಅದರಿಂದಲೇ ನಿರ್ಧಾರವಾಗುತ್ತದೆ.